ಗಿಡಗಿಡಕ್ಕೂ ಒಬ್ಬ ತಾಯಿ

ಪುಕಾಲ್ಪದ ಮಣ್ಣು ಕೆಂಪು. ಮಳೆ ಬಂದರೆ ಕೆಂಪು ರಾಡಿ, ಬಿಸಿಲು ಕಾದರೆ ಕೆಂಪು ದೂಳು. ತಗಡಿನ ಸೂರು, ಬಾಳೆಗೊನೆ ಹೇರಿದ ಕೈಗಾಡಿ, ಭರ್ರೆಂದು ಓಡುವ ಮೂರುಗಾಲಿಯ ಮೊಟೊಕಾರು, ಎಲ್ಲದರ ಮೇಲೂ ಅದೇ ಬಣ್ಣ ಕೂತಿರುತ್ತದೆ. (ಪೆರುವಿನ ಊರುಗಳಲ್ಲಿ ನಮ್ಮ ಬಜಾಜ್ ಆಟೋಗಳಿಗೇನೂ ಬರವಿಲ್ಲ, ಬೆಂಗಳೂರಿನ ಕಿವಿಗೆ ಆ ಸದ್ದು ಹೊಸದೆನಿಸಲಾರದು.) ರಾಜಧಾನಿ ಲಿಮಾದಿಂದ ಹೊರಟು ಆಂಡಿಸ್ ಪರ್ವತಗಳನ್ನು ಹತ್ತಿಳಿದ ರಸ್ತೆ ಉಕಯಾಲಿ ನದಿಯ ದಡಕ್ಕೆ ಬಂದು ನಿಲ್ಲುವುದು ಇಲ್ಲೇ. 1940ರ ದಶಕದಲ್ಲಿ ಆ ರಸ್ತೆ ಬಂತು, ಅದರ ಹಿಂದೆಯೇ ಲಾರಿ ಬಂದವು, ಲಾರಿಯ ಹಿಂದೆ ಸಾಮಿಲ್ಲುಗಳು. ದಡದುದ್ದಕ್ಕೂ ದಿಮ್ಮಿಗಳ ರಾಶಿ, ಹಸಿ ಮರದ ಹೊಟ್ಟಿನ ವಾಸನೆ, ಹೊರಡಲು ತಯಾರಾದ ಲಾಂಚುಗಳಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದ ಜೋಳಿಗೆ ಹಾಸಿಗೆಗಳು. ಇಲ್ಲಿಂದ ಮುಂದೆ ನೀರೇ ದಾರಿ. ಉಕಯಾಲಿ ಉತ್ತರಕ್ಕೆ ಹರಿದು ಮಾರನ್ಯೋನ್ ನದಿಯನ್ನು ಕೂಡಿದಲ್ಲಿಂದ ಅದರ ಹೆಸರು ಅಮೆಜಾನ್.

ಈ ಊರಿನ ಒಂದು ಮನೆಯಲ್ಲಿ, 1980ರ ದಶಕದ ಕೊನೆಯ ವರ್ಷಗಳಲ್ಲಿ, ಪಾಬ್ಲೊ ಅಮರಿಂಗೊ ಎಂಬ ಐವತ್ತರ ಆಸುಪಾಸಿನ ಮನುಷ್ಯ ದಪ್ಪ ಕಾಗದ ಹರಡಿಕೊಂಡು ಚಿತ್ರ ಬರೆಯುತ್ತಿದ್ದರು. ಬರೆಯುವಾಗ ಬಾಯಲ್ಲಿ ಸಣ್ಣಗೆ ಒಂದು ಹಾಡು. ಅದು ಬೇಸರ ಕಳೆಯಲು ಗುನುಗುವ ಹಾಡಲ್ಲ. ಆ ಸೀಮೆಯ ನಾಟಿವೈದ್ಯರು ರೋಗಿಯ ಎದುರು ಕೂತು ಹಾಡುವ ಮಂತ್ರದ ಹಾಡು, ಇಕಾರೊ. ಹಾಡು ಹತ್ತಿದರೆ ಹಿಂದೆಂದೋ ಕಂಡದ್ದು ಕಣ್ಣಮುಂದೆ ಬಂದು ನಿಲ್ಲುತ್ತದೆ. ನಿಂತದ್ದನ್ನು ಕಾಗದಕ್ಕೆ ಇಳಿಸುವುದಷ್ಟೇ ಕೈಯ ಕೆಲಸ ಎಂಬುದು ಅವರ ನಂಬಿಕೆ.

ಅವರ ಯಾವುದೇ ದೊಡ್ಡ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಮೊದಲಿಗೆ ಕಣ್ಣಿಗೆ ದಿಕ್ಕು ತಪ್ಪುತ್ತದೆ. ಬೆರಳಿಡಲು ಜಾಗವಿಲ್ಲದಷ್ಟು ಬಣ್ಣ; ನೇರಳೆ, ಕಿತ್ತಳೆ, ಗಿಳಿಹಸಿರು, ರಾತ್ರಿಯ ನೀಲಿ. ಎಲ್ಲಿಂದ ನೋಡಲು ಶುರುಮಾಡುವುದು? ಕೆಳಗಿನ ಮೂಲೆಯಿಂದ ಎನ್ನುವುದು ನನ್ನ ಸಲಹೆ. ಅಲ್ಲಿ ಸಾಮಾನ್ಯವಾಗಿ ಗರಿ ಹೊದಿಸಿದ ಒಂದು ಗುಡಿಸಲಿರುತ್ತದೆ. ಗೋಡೆಯಿಲ್ಲ. ಕಾಣ್ಕೆ ತರುವ ಕಷಾಯ ಕುಡಿದ ಗಂಡಸರು, ಹೆಂಗಸರು ನೆಲದ ಮೇಲೆ ಸುತ್ತಲೂ ಕೂತಿದ್ದಾರೆ. ಒಬ್ಬ ಬಗ್ಗಿ ವಾಂತಿ ಮಾಡುತ್ತಿದ್ದಾನೆ. ಇನ್ನೊಬ್ಬ ಕಾಡುಹೊಗೆಸೊಪ್ಪಿನ ಹೊಗೆಯನ್ನು ರೋಗಿಯ ನೆತ್ತಿಯ ಮೇಲೆ ಊದುತ್ತಿದ್ದಾನೆ. ಒಣಗಿದ ಎಲೆಗಳ ಕಟ್ಟೊಂದನ್ನು ಹಿಡಿದು ತಾಳ ಹಾಕುವವನು ಗುರು. ಇಷ್ಟು ಈ ಲೋಕದ ಕಥೆ. ಗುಡಿಸಲಿನ ಅಂಚು ದಾಟಿದ್ದೇ ತಡ, ಆ ಗುಂಪಿಗೆ ಕಾಣುತ್ತಿರುವುದೆಲ್ಲ ನಮಗೂ ಕಾಣತೊಡಗುತ್ತದೆ.

ಮರದ ಬೊಡ್ಡೆಗಳಿಗೆ ಮುಖ ಮೂಡಿದೆ. ಎಲೆಗಳ ನಡುವೆ ಚಿರತೆಯಂಥ ಹಗ್ವಾರ್ ಹಣಕಿಹಾಕುತ್ತಿದೆ. ದೋಣಿಗಿಂತ ದಪ್ಪದ ಅನಕೊಂಡಗಳು ಸುತ್ತಿ ಸುಳಿದು, ಬಾಯಿಂದ ಬೆಳಕಿನ ಎಳೆಗಳನ್ನು ಕಕ್ಕುತ್ತಿವೆ. ಇವು ಬರಿಯ ಹಾವುಗಳಲ್ಲ. ಸಚಾಮಾಮಾ ಕಾಡಿನ ತಾಯಿ. ಒಂದೇ ಕಡೆ ಎಷ್ಟು ಕಾಲ ಮಲಗಿರುತ್ತಾಳೆಂದರೆ ಬೆನ್ನ ಮೇಲೆ ಗಿಡಮರ ಬೆಳೆದು, ದಾರಿಹೋಕರು ಅವಳನ್ನು ದಿಬ್ಬವೆಂದುಕೊಂಡು ಹತ್ತುತ್ತಾರೆ. ಯಾಕುಮಾಮಾ ನೀರಿನ ತಾಯಿ, ವಾಯ್ರಾಮಾಮಾ ಗಾಳಿಯ ತಾಯಿ. ನೀರಿನ ತಳದಲ್ಲಿ ಬೀದಿ, ಅರಮನೆ, ದೀಪಗಳಿರುವ ಊರುಗಳಿವೆ; ಅಲ್ಲಿ ಯಾಕುರುನ ಎಂಬ ನೀರಿನ ಜನರ ವಾಸ. ನದಿಯ ಗುಲಾಬಿ ಡಾಲ್ಫಿನ್ ಟೋಪಿ ಹಾಕಿಕೊಂಡು ಚೆಲುವನಾಗಿ ಹಬ್ಬಕ್ಕೆ ಬರುವ ಕಥೆಯೂ ಆ ದಡಗಳದ್ದೇ. ಒಂದು ಕಾಲು ಸೊಟ್ಟಗಿರುವ ಚುಲ್ಯಚಾಕಿ ನಿಮ್ಮ ಅಣ್ಣನದೋ ಗೆಳೆಯನದೋ ರೂಪ ತಾಳಿ ಕಾಡಿನೊಳಗೆ ಕರೆದೊಯ್ಯುತ್ತಾನೆ. ದೂರದಲ್ಲಿ ಒಂದು ಸ್ಟೀಮರು ಬರುತ್ತಿದೆ, ದೀಪಗಳೆಲ್ಲ ಉರಿಯುತ್ತಿವೆ. ಹತ್ತಿರ ಬಂದಾಗ ನೋಡಿದರೆ ಹಡಗಿನ ಒಡಲೇ ಹಾವು. ಇನ್ನೂ ಮೇಲೆ ಗುಮ್ಮಟದ ಅರಮನೆಗಳು, ಪೇಟ ಸುತ್ತಿದ ದೊರೆಗಳು, ರೆಕ್ಕೆಯ ಹೆಂಗಸರು, ಹಾರುವ ತಟ್ಟೆಗಳು.

ಹಾರುವ ತಟ್ಟೆಯನ್ನು ಕಂಡು ಮೂಗು ಮುರಿಯುವವರಿದ್ದಾರೆ. ಆದಿವಾಸಿ ಕಲೆಯಲ್ಲಿ ಇದೇಕೆ ಎಂಬುದು ಅವರ ತಕರಾರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಅಮರಿಂಗೊ ಕಾಡಿನ ನಡುವಿನ ಒಂಟಿ ಮನುಷ್ಯನಲ್ಲ. ರಬ್ಬರು, ಮರ, ಪಾದ್ರಿ, ಸಿನಿಮಾ ಎಲ್ಲವೂ ಬಂದು ಹೋದ ನದಿಪಟ್ಟಣದ ಮೆಸ್ತಿಸೊ, ಅಂದರೆ ಬೆರಕೆ ರಕ್ತದ ಸಮುದಾಯದವರು. ಸ್ಟೀಮರು ಮೊದಲ ಸಲ ಹೊಗೆಯುಗುಳುತ್ತ ನದಿಯಲ್ಲಿ ಬಂದಾಗ ಅದು ದೆವ್ವದ ಹಡಗಾಗಿ ಕಥೆಯೊಳಗೆ ಸೇರಿಕೊಂಡಿತು. ವಿಮಾನ ಬಂದಮೇಲೆ ಆಕಾಶದ ವಾಹನವೂ ಸೇರಿತು. ಕಣ್ಣು ಹಗಲಲ್ಲಿ ಕಂಡದ್ದನ್ನೇ ಕಾಣ್ಕೆ ರಾತ್ರಿಯಲ್ಲಿ ಎತ್ತಿಕೊಳ್ಳುತ್ತದೆ.

ಅಮರಿಂಗೊ ಹುಟ್ಟಿದ್ದು 1938ರಲ್ಲಿ, ಕೆಳಗಿನ ಉಕಯಾಲಿಯ ಒಂದು ಸಣ್ಣ ಊರಿನಲ್ಲಿ. ಹದಿನೇಳರ ವಯಸ್ಸಿಗೆ ಎದೆಯ ಕಾಯಿಲೆ ಬಂದು ಸಾವಿನ ಬಾಗಿಲಿಗೆ ಹೋದರು. ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಲಾಗಲಿಲ್ಲ. ತನ್ನನ್ನು ಬದುಕಿಸಿದ್ದು ಒಬ್ಬ ನಾಟಿವೈದ್ಯನೇ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಸುಮ್ಮನೆ ಮಲಗಿದ್ದ ಆ ದಿನಗಳಲ್ಲೇ ಚಿತ್ರದ ಹುಚ್ಚು ಹಿಡಿದದ್ದು. ಕಾಗದಕ್ಕೆ ಕಾಸಿಲ್ಲ, ಆದ್ದರಿಂದ ರಟ್ಟಿನ ಡಬ್ಬಿ ಬಿಚ್ಚಿ ಹರಡುತ್ತಿದ್ದರು. ನೆರಳು ತುಂಬಲು ದೀಪದ ಕಾಡಿಗೆ. ತುಟಿಯ ಕೆಂಪು ಬೇಕಾದಾಗ ಅಕ್ಕತಂಗಿಯರ ಲಿಪ್‌ಸ್ಟಿಕ್ ಕದಿಯುತ್ತಿದ್ದರು. ಮುಂದೆ ಜನರ ಭಾವಚಿತ್ರ ಬರೆದು ನಾಲ್ಕು ಕಾಸು ಸಂಪಾದಿಸಿದರು. ಆದರೆ ಫೋಟೊಗಳಿಗೆ ಬಣ್ಣ ಬಂತು. ಕೈಯಲ್ಲಿ ಬರೆದ ಮುಖ ಯಾರಿಗೂ ಬೇಡವಾಯಿತು. 1970ರ ಹೊತ್ತಿಗೆ ಅವರೇ ನಾಟಿವೈದ್ಯರಾಗಿ ರೋಗಿಗಳನ್ನು ನೋಡತೊಡಗಿದರು.

ಅಮೆಜಾನಿನಲ್ಲಿ ಈ ವೈದ್ಯರಿಗೆ ವೆಜಿಟಲಿಸ್ತ ಎನ್ನುತ್ತಾರೆ. ವಿದ್ಯೆ ಕಲಿಸುವುದು ಗಿಡ. ಮನುಷ್ಯ ಗುರು ಜೊತೆಗಿದ್ದು ಕಾಯುತ್ತಾನೆ, ಅಷ್ಟೆ. ಪ್ರತಿ ಗಿಡಕ್ಕೂ ಒಬ್ಬ ತಾಯಿ ಇದ್ದಾಳೆ. ಉಪ್ಪು, ಸಕ್ಕರೆ, ಹಂದಿಮಾಂಸ, ಹೆಂಡ, ಸಂಗ ಎಲ್ಲವನ್ನೂ ಬಿಟ್ಟು ತಿಂಗಳುಗಟ್ಟಲೆ ಪಥ್ಯದಲ್ಲಿದ್ದರೆ ಆ ತಾಯಿ ಕನಸಿನಲ್ಲಿ ಬಂದು ಹಾಡು ಕೊಡುತ್ತಾಳೆ. ಹಾಡು ಸಿಕ್ಕಿತೆಂದರೆ ಗಿಡ ಕೈವಶ. ತಾಯಿಯನ್ನು ಕೇಳದೆ ತೊಗಟೆ ಕಿತ್ತರೆ ಮದ್ದು ಮದ್ದಾಗುವುದಿಲ್ಲ, ಕೆಲವೊಮ್ಮೆ ಕಿತ್ತವನಿಗೇ ಜ್ವರ ಹಿಡಿಯುತ್ತದೆ. ಅಮರಿಂಗೊ ಚಿತ್ರಗಳಲ್ಲಿ ಕಿಕ್ಕಿರಿದ ನೂರಾರು ಮುಖಗಳೆಲ್ಲ ಇಂಥ ಒಡತಿಯರು, ಒಡೆಯರು. ಅಮಲಿನಲ್ಲಿ ಕಂಡ ಗೋಜಲು ಎಂದು ನೋಡುವವರು ತಪ್ಪಿದರು. ಆ ಚಿತ್ರ ಒಂದು ಖಾತೆ ಪುಸ್ತಕ. ಕಾಡಿನಲ್ಲಿ ಯಾವುದು ಯಾರದು ಎಂದು ಅದರಲ್ಲಿ ಬರೆದಿದೆ.

ಕಾಣ್ಕೆ ತರುವ ಕಷಾಯದ ಹೆಸರು ಅಯಹುವಾಸ್ಕ. ಒಂದು ಬಳ್ಳಿ, ಒಂದು ಸೊಪ್ಪು, ತಾಸುಗಟ್ಟಲೆ ಕುದಿ. ಬಳ್ಳಿಯ ಸಸ್ಯಶಾಸ್ತ್ರದ ಹೆಸರು ಬ್ಯಾನಿಸ್ಟೀರಿಯಾಪ್ಸಿಸ್ ಕಾಪಿ. ನಮ್ಮ ತೋಟಗಳಲ್ಲೂ ಹಳೆಯ ಕಾವ್ಯಗಳಲ್ಲೂ ಹಬ್ಬಿರುವ ಮಾಧವಿ ಲತೆ ಇದರ ದಾಯಾದಿ. ಎರಡೂ ಮಾಲ್ಪೀಗಿಯೇಸಿ ಕುಟುಂಬದವು. ಸೊಪ್ಪಿನ ಗಿಡ ಚಕ್ರುನ, ಅದು ಕಾಫಿಯ ಕುಟುಂಬ. ಕೊಡಗು ಚಿಕ್ಕಮಗಳೂರಿನವರು ಅದರ ಎಲೆ ನೋಡಿದರೆ ಪರಿಚಯದ ಗಿಡವೆಂದು ಒಂದು ಕ್ಷಣ ಮೋಸಹೋದಾರು. ಎಲೆಯಲ್ಲಿರುವ ಡಿಎಂಟಿ ಎಂಬ ರಾಸಾಯನಿಕವೇ ಬಣ್ಣ ಬಿಡಿಸುವುದು. ಆದರೆ ಎಲೆಯನ್ನಷ್ಟೇ ಕುಡಿದರೆ ಹೊಟ್ಟೆಯ ಕಿಣ್ವ ಅದನ್ನು ಒಡೆದುಹಾಕುತ್ತದೆ. ಬಳ್ಳಿಯ ಹಾರ್ಮಿನ್ ಆ ಕಿಣ್ವವನ್ನು ತಡೆದು ನಿಲ್ಲಿಸುತ್ತದೆ, ಆಗ ಎಲೆ ಕೆಲಸ ಮಾಡುತ್ತದೆ. ಸಾವಿರಾರು ಬಗೆಯ ಗಿಡಗಳ ನಡುವೆ ಈ ಎರಡನ್ನೇ ಜೋಡಿಸಿದ್ದು ಹೇಗೆಂದು ವಿಜ್ಞಾನಿಗಳು ಕೇಳುತ್ತಲೇ ಇದ್ದಾರೆ. ಗಿಡವೇ ಹೇಳಿಕೊಟ್ಟಿತು ಎಂಬುದು ವೈದ್ಯರ ಉತ್ತರ.

ಈ ಬಳ್ಳಿಯನ್ನು 1852ರಲ್ಲಿ ಗುರುತಿಸಿ ಹೊರಗಿನ ಸಸ್ಯಶಾಸ್ತ್ರಕ್ಕೆ ತಿಳಿಸಿದವನು ರಿಚರ್ಡ್ ಸ್ಪ್ರೂಸ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ. ಎಂಟು ವರ್ಷಗಳ ಬಳಿಕ ಅದೇ ಸ್ಪ್ರೂಸ್ ಈಕ್ವೆಡಾರಿನ ಕಾಡಿನಿಂದ ಸಿಂಕೋನದ ಬೀಜ ಮತ್ತು ಸಸಿ ಕಳಿಸಿದ. ಅವು ನಮ್ಮ ಪಕ್ಕದ ನೀಲಗಿರಿಯಲ್ಲಿ ಬೇರುಬಿಟ್ಟು, ಮಲೇರಿಯಾ ಜ್ವರಕ್ಕೆ ಕ್ವಿನೈನ್ ಒದಗಿಸಿದವು. ಕಾಡಿನವರ ಒಂದು ಮದ್ದು ಸಾಮ್ರಾಜ್ಯಕ್ಕೆ ಬೇಕಾಯಿತು, ಇನ್ನೊಂದು ಆಗ ಯಾರಿಗೂ ಬೇಕಾಗಲಿಲ್ಲ. ಪ್ರಯೋಗಕ್ಕೆ ಇಳಿಯುವ ಕುತೂಹಲಿಗಳಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಡಿಎಂಟಿ ನಮ್ಮ ದೇಶದ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಈ ಕಷಾಯ ಸೇರಿದರೆ ಜೀವಕ್ಕೇ ಅಪಾಯ.

ಕಾಣ್ಕೆಯ ಲೋಕವೆಲ್ಲ ಚೆಲುವು ಎಂದುಕೊಳ್ಳಬಾರದು. ಗುಣಪಡಿಸಬಲ್ಲವನು ಮಾಟವನ್ನೂ ಮಾಡಬಲ್ಲ. ಶತ್ರುವಿನ ಮೈಗೆ ಕಾಣದ ಮುಳ್ಳು ಹಾರಿಸುವವರು, ಅದನ್ನು ಹೀರಿ ತೆಗೆಯುವವರು, ತಿರುಗಿ ಹಾರಿಸುವವರು. ಅಮರಿಂಗೊ ಚಿತ್ರಗಳಲ್ಲಿ ಮಾಂತ್ರಿಕರ ಕಾಳಗಗಳೇ ಬೇಕಾದಷ್ಟಿವೆ. ಈ ಹಗೆತನಕ್ಕೆ ರೋಸಿ 1977ರಲ್ಲಿ ಅವರು ವೈದ್ಯಕೆಯನ್ನು ಬಿಟ್ಟರು. ಹೆಸರು, ರೋಗಿಗಳು, ಭಯಭಕ್ತಿ ಎಲ್ಲ ಇದ್ದಾಗಲೇ ಎದ್ದು ಬಂದರು. ಆಮೇಲೆ ಬರೆದದ್ದೆಲ್ಲ ನೆನಪಿನಿಂದ.

1985ರಲ್ಲಿ ಕೊಲಂಬಿಯಾ ಮೂಲದ ಮಾನವಶಾಸ್ತ್ರಜ್ಞ ಲೂಯಿಸ್ ಎಡ್ವಾರ್ಡೊ ಲೂನ, ಅಮೆರಿಕದ ಸಸ್ಯರಸಾಯನ ತಜ್ಞ ಡೆನಿಸ್ ಮೆಕೆನಾ ಮದ್ದಿನ ಗಿಡಗಳನ್ನು ಹುಡುಕಿಕೊಂಡು ಪುಕಾಲ್ಪಕ್ಕೆ ಬಂದವರು ಅಮರಿಂಗೊ ಮನೆಗೆ ಹೋದರು. ಹಿಂದೆ ಕಂಡದ್ದನ್ನು ಚಿತ್ರವಾಗಿ ಬರೆಯಬಲ್ಲಿರಾ ಎಂದು ಲೂನ ಕೇಳಿದರು. ಆ ಒಂದು ಪ್ರಶ್ನೆಗೆ ಉತ್ತರವಾಗಿ ಚಿತ್ರಗಳು ಒಂದರ ಹಿಂದೊಂದು ಬರತೊಡಗಿದವು. ಪ್ರತಿ ಚಿತ್ರದ ಜೊತೆ ವಿವರಣೆಯೂ ಉಂಟು. ಈ ಹಾವು ಯಾರು, ಆ ಮರದಲ್ಲಿರುವ ಹೆಂಗಸು ಯಾವ ಕಾಯಿಲೆಗೆ ಒದಗುತ್ತಾಳೆ, ಮೂಲೆಯ ಹಕ್ಕಿ ಏಕೆ ಕೂತಿದೆ ಎಂಬುದನ್ನೆಲ್ಲ ಅವರೇ ಹೇಳಿ ಬರೆಸಿದರು. 1991ರಲ್ಲಿ ಲೂನ, ಅಮರಿಂಗೊ ಇಬ್ಬರ ಹೆಸರಿನಲ್ಲಿ ಪುಸ್ತಕವಾಗಿ ಬಂದ ಈ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು.

ಲೋಕ ಸುತ್ತಿದ ಮೇಲಿನ ಕಥೆಯನ್ನು ಹೆಚ್ಚು ಬೆಳೆಸುವಂತಿಲ್ಲ. ವಿಯೆನ್ನಾದ ಅರ್ನ್‌ಸ್ಟ್ ಫುಕ್ಸ್, ಅಮೆರಿಕದ ಅಲೆಕ್ಸ್ ಗ್ರೇ ಮೊದಲಾದವರ ಹಾದಿಯಲ್ಲಿ ಪಶ್ಚಿಮದಲ್ಲಿ ಕಾಣ್ಕೆಯ ಕಲೆ ಎಂಬ ಪಂಥವೊಂದು ಆಗಲೇ ಬೆಳೆದಿತ್ತು. ಅದಕ್ಕೆ ಅಮೆಜಾನಿನ ಹಾವು, ಬಳ್ಳಿ, ಹಗ್ವಾರ್‌ಗಳು ಹೊಸ ಸರಕಾಗಿ ಒದಗಿದವು. ಈಗ ಅವು ಅಂಗಿಯ ಮೇಲೆ, ಸಂಗೀತೋತ್ಸವದ ಪರದೆಯ ಮೇಲೆ ಹೊಳೆಯುತ್ತವೆ. ಕುಸುರಿ ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿನ ಗಿಡಕ್ಕೆ ಹೆಸರಿಲ್ಲ, ಹಾವಿಗೆ ಊರಿಲ್ಲ, ಕೆಳಗಿನ ಮೂಲೆಯಲ್ಲಿ ರೋಗಿಯೂ ಇಲ್ಲ. ನನಗೆ ಅವು ಬೇಗ ಸಾಕಾಗುತ್ತವೆ.

ಅಮರಿಂಗೊ ತಾವೇ ಹಿಡಿದ ದಾರಿ ಬೇರೆ. 1988ರಲ್ಲಿ ಅವರೂ ಲೂನ ಅವರೂ ಸೇರಿ ಪುಕಾಲ್ಪದಲ್ಲಿ ಉಸ್ಕೊ ಅಯಾರ್ ಎಂಬ ಚಿತ್ರಶಾಲೆ ತೆರೆದರು. ಫೀಸಿಲ್ಲ. ಬರುತ್ತಿದ್ದವರು ಬಡವರ ಮನೆಯ ಹುಡುಗ ಹುಡುಗಿಯರು. ಅಲ್ಲಿ ಮಕ್ಕಳಿಗೆ ಕಷಾಯವೂ ಇಲ್ಲ, ಹಾರುವ ಅರಮನೆಯೂ ಇಲ್ಲ. ಮೊದಲ ಪಾಠ, ಕಣ್ಣು ಮುಚ್ಚಿ ಇಡೀ ಚಿತ್ರವನ್ನು ಮನಸ್ಸಿನಲ್ಲಿ ಕಾಣುವುದು. ಎರಡನೆಯದು, ಕಾಡನ್ನು ಇದ್ದ ಹಾಗೆ ಬರೆಯುವುದು. ಬುಡದ ಪಾಚಿ, ಮರದ ಮೇಲೆ ಬೆಳೆದ ಸೀತಾಳೆ ದಂಡೆ, ಕೊಂಬೆಯ ನಡುವಿನ ಮಕಾವ್ ಗಿಳಿ, ನೀರಿನಲ್ಲಿ ಬಿದ್ದ ನೆರಳು. ಎಲೆ ಎಂದರೆ ಬರಿಯ ಹಸಿರು ಚುಕ್ಕೆಯಾಗಬಾರದು, ಯಾವ ಗಿಡದ ಎಲೆ ಎಂದು ನೋಡಿದವರಿಗೆ ತಿಳಿಯಬೇಕು. ಒಂದು ಗಿಡವನ್ನು ಬರೆಯಲು ಕೂತ ಹುಡುಗ ಅದರ ಹೆಸರು ಕೇಳುತ್ತಾನೆ, ಹೆಸರು ಕೇಳಿದವನು ಗುಣ ಕೇಳುತ್ತಾನೆ. ಸಾಮಿಲ್ಲಿನ ಸದ್ದಿನ ನಡುವೆ ಬೆಳೆದ ಪೀಳಿಗೆಗೆ ಖಾತೆ ಪುಸ್ತಕವನ್ನು ದಾಟಿಸುವ ಉಪಾಯ ಅದು. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗ್ಲೋಬಲ್ 500 ಗೌರವ ಅಮರಿಂಗೊ ಅವರಿಗೆ ಸಂದಿತು. ಹಾವುಗಳ ಚಿತ್ರಗಳಿಗಿಂತ ಈ ಶಾಲೆಯೇ ಅವರ ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೇನೆ. 2009ರ ನವೆಂಬರಿನಲ್ಲಿ ಅವರು ಪುಕಾಲ್ಪದಲ್ಲೇ ತೀರಿಕೊಂಡರು.

ಊರಿನ ಅಂಚಿಗೆ ಯಾರಿನಕೋಚ ಎಂಬ ಸರೋವರವಿದೆ. ಉಕಯಾಲಿ ಎಂದೋ ಪಾತ್ರ ಬದಲಿಸಿದಾಗ ಹಿಂದೆ ಉಳಿದ ಬಾಗು ಅದು. ದೋಣಿಯಲ್ಲಿ ಹೋದರೆ ದಡದಲ್ಲಿ ಶಿಪಿಬೊ ಜನರ ಊರುಗಳು ಸಿಗುತ್ತವೆ. ಇಲ್ಲಿ ಕಾಣ್ಕೆಯನ್ನು ಬರೆಯುವವರು ಹೆಂಗಸರು. ಅಜ್ಜಿಯೊಬ್ಬಳು ಕಾಲು ಚಾಚಿ ಕೂತು ತೊಡೆಯ ಮೇಲೆ ಹತ್ತಿಯ ಬಟ್ಟೆ ಹರವಿಕೊಂಡಿರುತ್ತಾಳೆ. ಮಹಾಗನಿ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಿ ಕಂದು ಬರಿಸಿದ ಬಟ್ಟೆ. ಕೈಯಲ್ಲೊಂದು ಸಣ್ಣ ಕಡ್ಡಿ. ಅಳತೆಪಟ್ಟಿ, ನಕಾಸೆ, ಗುರುತು ಏನೂ ಇಲ್ಲ. ಗೆರೆ ಹೊರಡುತ್ತದೆ, ಮೂಲೆಗೆ ಬಂದು ತಿರುಗುತ್ತದೆ, ತನ್ನನ್ನೇ ಬಳಸಿಕೊಂಡು ಹಿಂದಕ್ಕೆ ಬರುತ್ತದೆ. ದಪ್ಪ ಗೆರೆಯ ಬೆನ್ನಿಗೆ ತೆಳು ಗೆರೆ, ಅದರ ಬೆನ್ನಿಗೆ ಇನ್ನೂ ತೆಳುವಾದದ್ದು. ಬಟ್ಟೆಯ ಅಂಚು ಬಂದರೂ ಗೆರೆ ಮುಗಿದಂತೆ ಕಾಣುವುದಿಲ್ಲ, ಆಚೆಗೂ ಹೋಗಿದೆ, ನಮಗೆ ಕಾಣುತ್ತಿಲ್ಲವಷ್ಟೆ. ಆಮೇಲೆ ಕಬ್ಬಿಣದಂಶದ ಕೆಸರು ಬಳಿದು ತೊಳೆದರೆ ತೊಗಟೆಯ ರಸ ಕಪ್ಪಿಗೆ ತಿರುಗಿ ಅಚ್ಚಳಿಯದೆ ನಿಲ್ಲುತ್ತದೆ.

ಈ ವಿನ್ಯಾಸಕ್ಕೆ ಕೆನೆ ಎನ್ನುತ್ತಾರೆ. ಲೋಕವನ್ನೇ ಸುತ್ತಿಕೊಂಡಿರುವ ರೋನಿನ್ ಎಂಬ ಮಹಾ ಅನಕೊಂಡದ ಚರ್ಮದಲ್ಲಿ ಎಲ್ಲ ಕೆನೆಗಳೂ ಮೊದಲೇ ಇವೆ ಎಂಬುದು ನಂಬಿಕೆ. ಚಿಕ್ಕ ಹುಡುಗಿಯ ಕಣ್ಣಿಗೆ ಒಂದು ಬಗೆಯ ಜೇಕು ಹುಲ್ಲಿನ ಗೆಡ್ಡೆಯ ರಸ ಬಿಡುತ್ತಾರೆ, ಮುಂದೆ ಅವಳಿಗೆ ಕನಸಿನಲ್ಲಿ ವಿನ್ಯಾಸ ಕಾಣಲಿ ಎಂದು. ಬಟ್ಟೆಯ ಮೇಲಷ್ಟೇ ಅಲ್ಲ, ಹಂಡೆಯಂಥ ಮಡಕೆಗಳ ಮೇಲೆ, ಹಿಂದೆ ಮುಖ ಮೈಗಳ ಮೇಲೆಯೂ ಇವು ಇದ್ದವು. ರೋಗಿಯ ಮೈಮೇಲೆ ಕಾಣದ ಕೆನೆ ಕೆಟ್ಟಿರುತ್ತದೆ, ವೈದ್ಯ ಹಾಡಿ ಅದನ್ನು ನೇರ ಮಾಡುತ್ತಾನೆ ಎಂದು 1980ರ ದಶಕದಲ್ಲಿ ಜರ್ಮನ್ ವಿದ್ವಾಂಸೆ ಆಂಗೆಲಿಕಾ ಗೆಬ್‌ಹಾರ್ಟ್ ಸಾಯರ್ ಬರೆದರು. ಅಲ್ಲಿಂದ ಶುರುವಾಯಿತು, ಕೆನೆ ಎಂದರೆ ಹಾಡಿನ ಲಿಪಿ ಎಂಬ ಮಾತು. ಈಗ ಬಟ್ಟೆ ಮಾರುವ ಹೆಂಗಸರು ಗೆರೆಯ ಮೇಲೆ ಬೆರಳಾಡಿಸುತ್ತ ಹಾಡಿ ತೋರಿಸುತ್ತಾರೆ, ಪ್ರವಾಸಿಗರು ಕಣ್ಣರಳಿಸುತ್ತಾರೆ. ಸಂಗೀತ ಅಧ್ಯಯನ ಮಾಡಿದ ಬರ್ಂಡ್ ಬ್ರಾಬೆಕ್ ದೆ ಮೋರಿ ಅಂಥವರು ಇದನ್ನು ಒಪ್ಪುವುದಿಲ್ಲ. ಸ್ವರಕ್ಕೂ ಗೆರೆಗೂ ಹಾಗೆ ಒಂದಕ್ಕೊಂದು ಹೊಂದಿಕೆ ಇಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಬಟ್ಟೆ ಮಾರಿ ಮಕ್ಕಳನ್ನು ಓದಿಸುವ ಹೆಂಗಸು ಗಿರಾಕಿಗೆ ಒಂದು ಹಾಡು ಹೆಚ್ಚಿಗೆ ಕೊಟ್ಟರೆ ನಾವೇಕೆ ಮುನಿಯಬೇಕು?

ಪೆರು ಸರ್ಕಾರ ಕೆನೆಯನ್ನೂ ಅಯಹುವಾಸ್ಕದ ಸಾಂಪ್ರದಾಯಿಕ ಬಳಕೆಯನ್ನೂ 2008ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ಕಾಗದದ ಮೇಲೆ ಮರ್ಯಾದೆ ದೊಡ್ಡದು. ಅದೇ ಶಿಪಿಬೊ ಜನ ಕೆಲಸ ಹುಡುಕಿಕೊಂಡು ಲಿಮಾಕ್ಕೆ ಹೋಗಿ ರಿಮಾಕ್ ನದಿಯ ಪಕ್ಕದ ಕಾಂತಗಾಯೊ ಎಂಬಲ್ಲಿ ಹಲಗೆಯ ಮನೆ ಕಟ್ಟಿಕೊಂಡಿದ್ದರು. 2016ರ ನವೆಂಬರಿನ ಒಂದು ರಾತ್ರಿ ಬೆಂಕಿ ಬಿದ್ದು ನೂರಾರು ಮನೆ ಸುಟ್ಟವು. ಆ ಕೇರಿಯ ಒಲಿಂಡಾ ಸಿಲ್ವಾನೊ ಮತ್ತು ಜೊತೆಯ ಹೆಂಗಸರು ರಾಜಧಾನಿಯ ಗೋಡೆಗಳ ಮೇಲೆ ಅನಕೊಂಡದ ಗೆರೆಗಳನ್ನು ಆಳೆತ್ತರಕ್ಕೂ ಮೀರಿ ಬರೆದವರು. ಬಸ್ಸಿನಲ್ಲಿ ಹೋಗುವ ಲಿಮಾದ ಜನಕ್ಕೆ ಕಾಡು ಕಾಣುವುದು ಹೀಗೆ.

ಇತ್ತ ಪುಕಾಲ್ಪದ ಸುತ್ತ ಅಯಹುವಾಸ್ಕದ ಆಶ್ರಮಗಳು ತಲೆಯೆತ್ತಿವೆ. ಡಾಲರ್ ಕೊಟ್ಟು ಬಂದವರಿಗೆ ಸೊಳ್ಳೆಪರದೆ, ಪಥ್ಯದ ಊಟ, ರಾತ್ರಿಯ ಹಾಡು. 2018ರ ಏಪ್ರಿಲ್‌ನಲ್ಲಿ ಒಲಿವಿಯಾ ಅರೆವಾಲೊ ಎಂಬ 81 ವರ್ಷದ ಶಿಪಿಬೊ ಹಾಡುಗಾತಿಯನ್ನು, ದೊಡ್ಡ ವೈದ್ಯೆಯನ್ನು, ಯಾರಿನಕೋಚ ಸೀಮೆಯಲ್ಲಿ ಅವಳ ಮನೆಯ ಬಳಿಯೇ ಗುಂಡಿಟ್ಟು ಕೊಂದರು. ಕೊಂದವನೆಂದು ಶಂಕಿಸಿ ಒಬ್ಬ ಕೆನಡಾದವನನ್ನು ಜನ ಹೊಡೆದು ಸಾಯಿಸಿದರು. ಅದಕ್ಕೂ ಮೊದಲು, 2014ರ ಸೆಪ್ಟೆಂಬರಿನಲ್ಲಿ, ಕಳ್ಳ ಮರಕಡಿತವನ್ನು ವಿರೋಧಿಸುತ್ತಿದ್ದ ಅಶಾನಿಂಕ ಜನರ ಮುಖಂಡ ಎಡ್ವಿನ್ ಚೋಟ ಮತ್ತು ಮೂವರು ಸಂಗಾತಿಗಳು ಬ್ರೆಜಿಲ್ ಗಡಿಯ ಕಾಡಿನಲ್ಲಿ ಕೊಲೆಯಾದರು. ಪುಕಾಲ್ಪದ ದಡದ ದಿಮ್ಮಿಗಳನ್ನು ನೋಡುವಾಗ ಇದೂ ನೆನಪಿರಬೇಕು.

ಕಾಣ್ಕೆಯ ಚಿತ್ರ ಈಗ ನೆನಪಿನ ಕೆಲಸವನ್ನೂ ಹೊತ್ತಿದೆ. ಪೆರುವಿನ ಪೇಬಾಸ್ ಎಂಬ ನದಿಯೂರಿನ ಸಂತಿಯಾಗೊ ಯಾವರ್ಕಾನಿ ಉಯಿತೋತೊ ಜನದವರು. ಮರದ ಒಳತೊಗಟೆಯನ್ನು ಬಡಿದು ಹದಮಾಡಿದ ಬಟ್ಟೆಯ ಮೇಲೆ ಬರೆಯುತ್ತಾರೆ. ಅವರ ಚಿತ್ರಗಳಲ್ಲಿ ಗಿಡದ ಒಡೆಯರ ಪಕ್ಕದಲ್ಲೇ ಸಂಕೋಲೆ, ಚಾಟಿ, ಬೆಂಕಿ ಇವೆ. ನೂರು ವರ್ಷಗಳ ಹಿಂದೆ ಪುತುಮಾಯೊ ನದಿಯ ಕಡೆ ರಬ್ಬರಿಗಾಗಿ ಅವರ ಹಿರಿಯರನ್ನು ಗುಲಾಮರನ್ನಾಗಿಸಿ ಕೊಂದ ಕಥೆ ಅದು. 2024ರ ವೆನಿಸ್ ಕಲಾಮೇಳದಲ್ಲಿ ಅವರ ಚಿತ್ರಗಳೂ ಮಗ ರೆಂಬರ್ ಅವರ ಚಿತ್ರಗಳೂ ಇದ್ದವು.

ಅದೇ ಮೇಳದ ಮುಖ್ಯ ಮಂಟಪದ ಇಡೀ ಮುಂಗೋಡೆಗೆ ಬಣ್ಣ ಬಳಿದವರು ಬ್ರೆಜಿಲಿನ ಆಕ್ರೆ ಪ್ರಾಂತದ ಹುನಿ ಕುಯಿನ್ ಜನದ ಕಲಾವಿದರು. ಇಬಾ ಎಂಬ ಹಾಡುಗಾರ ತಂದೆಯಿಂದ ಕಲಿತ ಕಷಾಯದ ಹಾಡುಗಳನ್ನು ಸಂಗ್ರಹಿಸಿದರು, ಮಗ ಬಾನೆ ಅವನ್ನು ಚಿತ್ರಕ್ಕೆ ಇಳಿಸಿದ. 2013ರಲ್ಲಿ ಮಾಹ್‌ಕು ಎಂಬ ತಂಡ ಕಟ್ಟಿದರು. ವೆನಿಸ್ ಗೋಡೆಯ ಮೇಲೆ ಅವರು ಬರೆದದ್ದು, ಹಿಂದೆ ಜನರನ್ನು ಬೆನ್ನ ಮೇಲೆ ಹೊತ್ತು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ದಾಟಿಸಿದ ಮೊಸಳೆಯ ಕಥೆ. ಚಿತ್ರ ಮಾರು, ನೆಲ ಕೊಳ್ಳು ಎಂಬುದು ಈ ತಂಡದ ಘೋಷಣೆ. ಚಿತ್ರ ಮಾರಿ ಬಂದ ಹಣದಲ್ಲಿ ಆಕ್ರೆಯಲ್ಲಿ ಅವರು ಕಾಡಿನ ಜಮೀನು ಕೊಂಡಿದ್ದಾರೆ.